ಅಟ್ಟದ ಟ್ರಂಕಲ್ಲಿರೋ ಹಳೆ ಕಾಗದಪತ್ರನ ಯೂನಿವರ್ಸಿಟಿ ಲೈಬ್ರರಿಗೆ ಕೊಡೋದು ಹೇಗೆ

ನಮ್ಮ ಕೊಡಗಲ್ಲಿ ಐನ್‌ಮನೆ (ಇಡೀ ಕುಟುಂಬದ ಮೂಲಮನೆ) ರಿಪೇರಿಗೆ ಕೈ ಹಾಕಿದಾಗ, ಇಲ್ಲ ಮನೆ ಹಿರಿಯರು ತೀರಿಕೊಂಡು ಅವರ ರೂಮ್ ಖಾಲಿ ಮಾಡುವಾಗ, ಒಂದು ಟ್ರಂಕ್ ಸಿಕ್ಕೇ ಸಿಗತ್ತೆ. ಒಳಗೆ ಇನ್‌ಲ್ಯಾಂಡ್ ಲೆಟರ್‌ಗಳ ಕಟ್ಟು, ಬೋರ್ಡಿಗೆ ಕಾಫಿ ಹಾಕಿದ್ದಕ್ಕೆ ಸಿಕ್ಕ ಪೂಲಿನ ಚೀಟಿಗಳು, ಮದುವೆ ಕಾಗದ, ತೋಟದ ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ), ಯಾರು ಅಂತಾನೇ ಗೊತ್ತಿಲ್ಲದ ಫೋಟೋಗಳು. ಪಿತ್ತಳೆ ದೀಪ, ಪೀಚೆಕತ್ತಿ ಇದ್ರೆ ಎಲ್ಲರೂ ಜೋಪಾನ ಮಾಡ್ತಾರೆ, ಆದ್ರೆ ಕಾಗದ ಮಾತ್ರ ಸೀದಾ ಗುಜರಿಗೆ ಹೋಗತ್ತೆ ಇಲ್ಲ ಒಲೆಗೆ ಹೋಗತ್ತೆ. ದಯವಿಟ್ಟು ಹಂಗೆ ಮಾಡ್ಬೇಡಿ. ಕೊಡಗಿನ ಇತಿಹಾಸ ಅಂತ ನಾವು ಓದೋದು ಬಹುಪಾಲು ಹಾಲೇರಿ ರಾಜರದ್ದು, 1834ರಲ್ಲಿ ಬ್ರಿಟಿಷರು ಬಂದಿದ್ದು, ಕಮಿಷನರ್‌ಗಳ ರಿಪೋರ್ಟು. ತೋಟದಲ್ಲಿ ದುಡಿದ ಎರವರು, ಕುರುಬರು, ಘಟ್ಟ ಹತ್ತಿ ಬಂದು ಲೈನ್ ಮನೇಲಿ ಬದುಕಿದ ಕೂಲಿಯವರು, ಸೈನ್ಯಕ್ಕೆ ಹೋದ ಗಂಡನ ಕಾಗದಕ್ಕೆ ಕಾಯ್ತಿದ್ದ ಹೆಂಗಸರು, ಇವರೆಲ್ಲ ಸಿಗೋದು ಇಂಥ ಚಿಲ್ಲರೆ ಕಾಗದದಲ್ಲೇ. ಎಷ್ಟೋ ಜನರ ಹೆಸರು ಆ ಚೆಕ್‌ರೋಲ್ ಬಿಟ್ರೆ ಬೇರೆಲ್ಲೂ ಬರಹದಲ್ಲಿ ಇಲ್ಲವೇ ಇಲ್ಲ.

ದೊಡ್ಡ ಯೂನಿವರ್ಸಿಟಿ ಲೈಬ್ರರಿಗಳಲ್ಲಿ ಸ್ಪೆಷಲ್ ಕಲೆಕ್ಷನ್ಸ್ ಅಂತ ಒಂದು ವಿಭಾಗ ಇರತ್ತೆ. ಅಲ್ಲಿರೋದನ್ನ ಮನೆಗೆ ಕೊಡಲ್ಲ, ಅಲ್ಲೇ ಕೂತು ನೋಡ್ಬೇಕು. ಅಪರೂಪದ ಪುಸ್ತಕ, ಓಲೆಗರಿ, ಕೈಬರಹದ ಪತ್ರ, ನಕ್ಷೆ, ಫೋಟೋ, ಜೊತೆಗೆ ಒಂದೇ ಸಲ ಬಳಸಿ ಬಿಸಾಡೋಕೆ ಅಂತಾನೇ ಮಾಡಿದ ಟಿಕೆಟ್ಟು, ಕರಪತ್ರ, ಆಮಂತ್ರಣ ಎಲ್ಲಾ ಅಲ್ಲಿ ಸೇರತ್ತೆ. ಎಲ್ಲಾ ಕಡೆ ಇದೇ ಹೆಸರಲ್ಲಿ ಇರಲ್ಲ, ಕೆಲವು ಕಡೆ ಹಸ್ತಪ್ರತಿ ವಿಭಾಗ, ಕೆಲವು ಕಡೆ ಅಪರೂಪದ ಗ್ರಂಥಗಳ ವಿಭಾಗ ಅಂತಾರೆ. ಮೈಸೂರು ಯೂನಿವರ್ಸಿಟಿಯ ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಗೊತ್ತಿರಬಹುದು, 1891ರಲ್ಲಿ ಶುರುವಾಗಿದ್ದು, ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ವಿದ್ವಾಂಸ ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದಿದ್ದು ಅಲ್ಲೇ. ಯಾರೋ ಒಬ್ಬರು ತಂದು ಕೊಟ್ಟಿದ್ದಕ್ಕೆ ಅದು ಇವತ್ತಿಗೆ ಉಳಿದಿದೆ.

ಟ್ರಂಕ್ ಸಿಕ್ಕಿದ ತಕ್ಷಣ ಮಾಡೋ ಮೊದಲ ಕೆಲಸ ಏನಂದ್ರೆ, ಏನೂ ಮಾಡದೇ ಇರೋದು. ನಿಜವಾಗ್ಲೂ. ಎಲ್ಲಾ ಹೊರಗೆ ಸುರಿದು ಪತ್ರ ಒಂದು ಕಡೆ ಫೋಟೋ ಒಂದು ಕಡೆ ಅಂತ ವಿಂಗಡಿಸೋಕೆ ಹೋಗ್ಬೇಡಿ. ಯಾವ ಪತ್ರ ಯಾವ ಕಟ್ಟಲ್ಲಿತ್ತು, ಯಾವ ಫೋಟೋ ಯಾವ ಕವರೊಳಗೆ ಇತ್ತು ಅನ್ನೋದೇ ಅರ್ಧ ಮಾಹಿತಿ. ಒಬ್ಬರ ಫೋಟೋ ಹಿಂದೆ ಹೆಸರಿಲ್ಲ ಅನ್ಕೊಳ್ಳಿ, ಆದ್ರೆ ಅದು ಇಂಥವರು ಬರೆದ ಲೆಟರ್ ಮಡಿಕೆ ಒಳಗೆ ಸಿಕ್ತು ಅಂತ ಗೊತ್ತಿದ್ರೆ ಹುಡುಕೋಕೆ ದಾರಿ ಇರತ್ತೆ, ಬೇರೆ ಮಾಡಿ ಆಲ್ಬಮ್ಮಿಗೆ ಅಂಟಿಸಿದ್ರೆ ಆ ದಾರಿ ಮುಚ್ಚಿಹೋಯ್ತು. ಅದಕ್ಕೆ ಟ್ರಂಕಿನ ಮುಚ್ಚಳ ತೆಗೆದ ಕೂಡ್ಲೆ ಮೊಬೈಲಲ್ಲಿ ಮೇಲಿಂದ ಒಂದು ಫೋಟೋ, ಒಂದೊಂದು ಪದರ ಎತ್ತುವಾಗ್ಲೂ ಒಂದೊಂದು ಫೋಟೋ ತೆಗೀರಿ. ಕಟ್ಟುಗಳ ದಾರ ಬಿಚ್ಚಿದ್ರೆ ಅದೇ ಸಾಲಲ್ಲಿ ಒಂದು ಹೊಸ ಕವರಿಗೆ ಹಾಕಿ, ಮೇಲೆ ಒಂದು, ಎರಡು ಅಂತ ನಂಬರ್ ಬರೆದಿಡಿ.

ಈ ಕೆಲಸ ಯಾವಾಗ ಮಾಡ್ಬೇಕು ಅಂದ್ರೆ, ಪುತ್ತರಿ (ಸುಗ್ಗಿ ಹಬ್ಬ) ಕಳೆದು ಒಣ ಹವೆ ಇರೋವಾಗ, ಜನವರಿಯಿಂದ ಮಾರ್ಚ್ ಒಳಗೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್ ಹೊತ್ತಿನ) ಜಡಿಮಳೇಲಿ ಟ್ರಂಕ್ ತೆಗೆದ್ರೆ ಹೊರಗಿನ ಥಂಡಿ ಎಲ್ಲಾ ಕಾಗದಕ್ಕೆ ಇಳಿಯತ್ತೆ. ಗಾಳಿಯಲ್ಲಿ ತೇವ ಶೇಕಡಾ 65 ದಾಟಿದ್ರೆ ಬೂಷ್ಟು ಬೆಳೆಯೋಕೆ ಶುರು, ನಮ್ಮೂರಲ್ಲಿ ಮಳೆಗಾಲ ಪೂರ್ತಿ ಅದಕ್ಕಿಂತ ಜಾಸ್ತಿನೇ ಇರತ್ತೆ. ತೇವ ಅಳೆಯೋ ಚಿಕ್ಕ ಮೀಟರ್ ಆನ್‌ಲೈನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗತ್ತೆ, ಕಾಗದ ಇಡೋ ಬೀರುವಿನೊಳಗೆ ಒಂದು ಇಟ್ಕೊಳ್ಳಿ. ಬೀರುನ ಹೊರಗೋಡೆಗೆ ಒತ್ತಿ ಇಡ್ಬೇಡಿ, ನೆಲದಿಂದ ಅರ್ಧ ಅಡಿ ಎತ್ತರ ಇರ್ಲಿ. ಒಲೆ ಮೇಲಿನ ಅಟ್ಟದಲ್ಲಿ ಇಟ್ರೆ ಹುಳ ಬರಲ್ಲ ಅಂತ ಹಿರಿಯರು ಹೇಳೋದು ಸುಳ್ಳಲ್ಲ, ಆದ್ರೆ ಆ ಬಿಸಿ ಹೊಗೆಗೆ ಕಾಗದ ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದ್ರೆ ಮುರಿಯೋ ಹಂಗಾಗಿರತ್ತೆ, ಅಂಥದ್ದನ್ನ ಒಂದೊಂದೇ ಹಾಳೆ ಎತ್ತದೇ ಕೆಳಗೆ ಗಟ್ಟಿ ರಟ್ಟು ತೂರಿಸಿ ಒಟ್ಟಿಗೇ ಎತ್ತಬೇಕು.

ಬೂಷ್ಟು ಹಿಡಿದಿದ್ರೆ ಮಾಸ್ಕ್ ಹಾಕ್ಕೊಂಡು ಹೊರಗೆ ಜಗಲಿಗೆ ತನ್ನಿ, ಬಿಸಿಲಿಗೆ ಬೇಡ, ನೆರಳಲ್ಲಿ ಗಾಳಿಗೆ ಹರಡಿ. ಪೂರ್ತಿ ಒಣಗಿದ ಮೇಲೆ ಮಾತ್ರ ಮೆತ್ತಗಿನ ಪೇಂಟಿಂಗ್ ಬ್ರಷ್ಷಲ್ಲಿ ಒಂದೇ ದಿಕ್ಕಿಗೆ ಒರೆಸಿ, ಹಸಿ ಇರುವಾಗ ಒರೆಸಿದ್ರೆ ಬೂಷ್ಟು ಕಾಗದದೊಳಗೆ ಇಳಿದು ಕಲೆ ಉಳ್ಕೊಳ್ಳತ್ತೆ. ಡೆಟ್ಟಾಲ್, ಸ್ಯಾನಿಟೈಸರ್, ಬ್ಲೀಚಿಂಗ್ ಪೌಡರ್ ಯಾವುದೂ ಹತ್ತಿರ ತರ್ಬೇಡಿ. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪಲ್ ಪಿನ್ ಇದ್ರೆ ಎಳೆದು ಕೀಳ್ಬೇಡಿ, ಪಿನ್ನಿನ ಕೆಳಗೂ ಮೇಲೂ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ, ಕಾಲುಗಳನ್ನ ನೆಟ್ಟಗೆ ಎತ್ತಿ ಆಮೇಲೆ ನಿಧಾನ ಜಾರಿಸಿ. ಹರಿದಿದ್ದಕ್ಕೆ ಸೆಲ್ಲೋಟೇಪ್ ಹಾಕ್ಬೇಡಿ, ಕೆಲವೇ ವರ್ಷದಲ್ಲಿ ಟೇಪ್ ಉದುರಿ ಅಂಟು ಮಾತ್ರ ಹಳದಿ ಪಟ್ಟಿಯಾಗಿ ಉಳಿಯತ್ತೆ. ಇನ್ನು ಲ್ಯಾಮಿನೇಷನ್! ಗಟ್ಟಿಯಾಗಿರತ್ತೆ ಅಂತ ಪ್ರೀತಿಯಿಂದ ಮಾಡಿಸ್ತಾರೆ, ಅದು ಬಿಸಿ ಕೊಟ್ಟು ಪ್ಲಾಸ್ಟಿಕ್ಕನ್ನ ಕಾಗದಕ್ಕೇ ಕರಗಿಸಿ ಅಂಟಿಸೋದು, ಮತ್ತೆ ಬಿಡಿಸೋಕೆ ಆಗೋದೇ ಇಲ್ಲ. ಅಜ್ಜನ ಸೈನ್ಯದ ಡಿಸ್ಚಾರ್ಜ್ ಪತ್ರ ಗೋಡೆಗೆ ಹಾಕ್ಬೇಕಾ, ಕಲರ್ ಜೆರಾಕ್ಸ್ ಮಾಡಿಸಿ ಅದನ್ನ ಲ್ಯಾಮಿನೇಟ್ ಮಾಡಿ, ಅಸಲು ಹಂಗೇ ಇರ್ಲಿ.

ಸುತ್ತಿಡೋಕೆ ಆಸಿಡ್ ಫ್ರೀ ಕಾಗದ ಸಿಕ್ಕಿದ್ರೆ ಒಳ್ಳೇದು, ಸಿಗದಿದ್ರೆ ಹೊಸ ಬಿಳಿ ಎ4 ಹಾಳೆ ನಡೆಯತ್ತೆ, ನ್ಯೂಸ್‌ಪೇಪರ್ ಮತ್ತೆ ಖಾಕಿ ಕವರ್ ಮಾತ್ರ ಬೇಡವೇ ಬೇಡ. ನ್ಯೂಸ್‌ಪೇಪರ್ ಕಾಗದದಲ್ಲೇ ಹುಳಿ ಅಂಶ ಇರತ್ತೆ, ಪಕ್ಕದಲ್ಲಿರೋದಕ್ಕೂ ಅಂಟತ್ತೆ, ಅದಕ್ಕೇ ಲೆಟರ್ ಮಧ್ಯೆ ನಮ್ಮೂರಿನ ದಿನಪತ್ರಿಕೆ ಶಕ್ತಿಯ ಕಟಿಂಗ್ ಇಟ್ಟಿದ್ರೆ ಆ ಆಕಾರಕ್ಕೇ ಕಂದು ಕಲೆ ಬಿದ್ದಿರೋದು ಕಾಣತ್ತೆ. ಕಟಿಂಗ್ ಇದ್ದ ಜಾಗದಲ್ಲಿ ಜೆರಾಕ್ಸ್ ಇಟ್ಟು ಅಸಲನ್ನ ಬೇರೆ ಕವರಲ್ಲಿ ಹಾಕಿ, ಎಲ್ಲಿಂದ ತೆಗೆದಿದ್ದು ಅಂತ ಬರೀರಿ. ನುಸಿ ಗುಳಿಗೆ ಕಾಗದಕ್ಕೆ ತಾಗೋ ಹಂಗೆ ಇಡೋದೂ ಬೇಡ, ಮನುಷ್ಯರಿಗೂ ಅದು ಒಳ್ಳೇದಲ್ಲ.

ಓಲೆಗರಿ ಸಿಕ್ಕಿದ್ರೆ ನೀವಾಗೇ ಎಣ್ಣೆ ಸವರೋದು, ಅಕ್ಷರ ಕಾಣ್ಲಿ ಅಂತ ಮಸಿ ಇಲ್ಲ ಪೌಡರ್ ಉಜ್ಜೋದು ಮಾಡ್ಬೇಡಿ. ಆ ಕೆಲಸಕ್ಕೆ ಲೈಬ್ರರಿಯಲ್ಲಿ ಕಲಿತವರು ಇರ್ತಾರೆ. ಎರಡೂ ಕಡೆಯ ಮರದ ಪಟ್ಟಿ ಸಮೇತ ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೇಲಿ ಸುತ್ತಿ, ಗರಿಗಳ ಸಾಲು ತಪ್ಪಿಸಬೇಡಿ.

2018ರ ಆಗಸ್ಟಲ್ಲಿ ನಮ್ಮಲ್ಲಿ ಗುಡ್ಡ ಕುಸಿದಾಗ ಎಷ್ಟು ಮನೆಗಳ ಕಾಗದಪತ್ರ ಮಣ್ಣುಪಾಲಾಯ್ತು ಅಂತ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ. ಆದ್ರೆ ನೆನೆದ ಕಾಗದ ಎಲ್ಲಾ ಸತ್ತುಹೋಯ್ತು ಅಂತ ಅಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ನೆನೆದು 48 ಗಂಟೆ ಒಳಗೆ ಬೂಷ್ಟು ಶುರುವಾಗತ್ತೆ, ಅಷ್ಟರಲ್ಲಿ ಒಣಗಿಸೋಕೆ ಆಗೋಷ್ಟು ಇದ್ರೆ ಫ್ಯಾನ್ ಗಾಳಿಗೆ ಹರಡಿ, ಆಗದಷ್ಟು ರಾಶಿ ಇದ್ರೆ ಚಿಕ್ಕ ಚಿಕ್ಕ ಕಟ್ಟು ಮಾಡಿ ಮಧ್ಯೆ ಬಟರ್ ಪೇಪರ್ ಇಟ್ಟು ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರೀಜರಿಗೆ ತುಂಬಿ. ಹೌದು, ಫ್ರೀಜರಿಗೇ. ಹೆಪ್ಪುಗಟ್ಟಿದ್ರೆ ಬೂಷ್ಟು ಬೆಳೆಯೋದು ನಿಲ್ಲತ್ತೆ, ಶಾಯಿ ಹರಡೋದೂ ನಿಲ್ಲತ್ತೆ, ಆಮೇಲೆ ಸಂರಕ್ಷಣೆ ಗೊತ್ತಿರೋರ ಹತ್ರ ತಗೊಂಡು ಹೋಗೋಕೆ ಟೈಮ್ ಸಿಗತ್ತೆ. ನಮ್ಮಲ್ಲಿ ಮಳೆ ಜೋರಾದ್ರೆ ದಿನಗಟ್ಟಲೆ ಕರೆಂಟ್ ಇರಲ್ಲ, ಅದಕ್ಕೆ ಜನರೇಟರ್ ಇರೋ ಹೋಟೆಲ್, ಹೋಂಸ್ಟೇನವರ ಫ್ರೀಜರಲ್ಲಿ ಸ್ವಲ್ಪ ಜಾಗ ಕೇಳಿ. ಗಾಜಿಗೆ ಅಂಟಿಕೊಂಡ ಫೋಟೋ ಇದ್ರೆ ಕೀಳೋಕೆ ಹೋಗದೆ ಗಾಜಿನ ಮೇಲಿಂದಾನೇ ಸ್ಕ್ಯಾನ್ ಮಾಡಿ ಇಡಿ.

ಇನ್ನು ಮಾಹಿತಿ ಬರೆಯೋ ಕೆಲಸ, ಇದೇ ಎಲ್ಲಕ್ಕಿಂತ ಮುಖ್ಯ, ಇದಕ್ಕೆ ಪುರುಸೊತ್ತು ಮಾಡ್ಕೊಳ್ಳಿ. ಫೋಟೋ ಹಿಂದೆ ಬಾಲ್‌ಪೆನ್ನಲ್ಲಿ ಬರೀಬೇಡಿ, ಅಚ್ಚು ಮುಂದಕ್ಕೆ ಎದ್ದು ಕಾಣತ್ತೆ. ಮೆತ್ತಗಿನ 2ಬಿ ಪೆನ್ಸಿಲ್ಲಲ್ಲಿ ಅಂಚಿಗೆ ಒಂದು ನಂಬರ್ ಸಾಕು. ಗುಂಪಿನ ಫೋಟೋ ಆದ್ರೆ ಅದರ ದೊಡ್ಡ ಜೆರಾಕ್ಸ್ ತೆಗೆದು ಒಂದೊಂದು ತಲೆ ಮೇಲೂ ಪೆನ್ನಲ್ಲಿ ನಂಬರ್ ಹಾಕಿ, ಆಮೇಲೆ ಮನೆ ಹಿರಿಯರನ್ನ ಕೂರಿಸ್ಕೊಂಡು ಒಂದನೇದು ಯಾರು, ಎರಡನೇದು ಯಾರು ಅಂತ ಕೇಳ್ತಾ ಪಕ್ಕದಲ್ಲಿ ಬರೀರಿ, ಜೊತೆಗೆ ಮೊಬೈಲಲ್ಲಿ ಅವರ ಮಾತನ್ನ ರೆಕಾರ್ಡ್ ಮಾಡಿ. ಬರೀ "ಅಪ್ಪಯ್ಯ" "ಗಂಗಮ್ಮ" ಅಂತ ಬರೆದ್ರೆ ಪ್ರಯೋಜನ ಇಲ್ಲ, ಅದೇ ಹೆಸರು ಪ್ರತಿ ತಲೆಮಾರಲ್ಲೂ ಬರತ್ತೆ, ಒಕ್ಕದ (ಮನೆತನದ) ಹೆಸರು, ಅಪ್ಪನ ಹೆಸರು, ಊರು ಮೂರೂ ಬೇಕು. ಹೆಣ್ಣುಮಕ್ಕಳ ತಾಮನೆ (ತವರು) ಯಾವುದು ಅಂತ ತಪ್ಪದೇ ಕೇಳಿ. ಹಳೆ ಫೋಟೋಗಳಲ್ಲಿ ಹೆಂಗಸರು ಇಂಥವರ ಹೆಂಡ್ತಿ ಅಂತ ಮಾತ್ರ ಉಳ್ಕೊಂಡಿರ್ತಾರೆ, ಅವರ ಸ್ವಂತ ಹೆಸರು ನೆನಪಿರೋ ಕೊನೇ ಅಜ್ಜಿ ಹೋದ್ರೆ ಅಷ್ಟೇ, ಮತ್ತೆ ಯಾರನ್ನ ಕೇಳೋದು.

ಇಸವಿ ಇಲ್ಲದ ಕಾಗದಕ್ಕೂ ಕಾಲ ಹಿಡಿಯಬಹುದು, ನನಗಂತೂ ಇದು ಬಹಳ ಖುಷಿ ಕೊಡೋ ಕೆಲಸ. ಬೆಲೆ ಆಣೆಯಲ್ಲಿ ಇದ್ರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಮುಂಚಿಂದು, ನಯೇ ಪೈಸೆ ಅಂತ ಇದ್ರೆ 1957ರಿಂದ 1964ರ ನಡುವಿನದು. ಲೆಟರ್‌ಹೆಡ್ಡಲ್ಲಿ ಕೂರ್ಗ್ ಸ್ಟೇಟ್ ಅಂತ ಇದ್ರೆ 1956ರ ನವೆಂಬರ್ 1ಕ್ಕಿಂತ ಮುಂಚೆ, ಅವತ್ತೇ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು. ಕೊಡಗು ಜಿಲ್ಲೆ, ಮೈಸೂರು ರಾಜ್ಯ ಅಂತ ಇದ್ರೆ 1956ರಿಂದ 1973ರ ಒಳಗೆ, ಯಾಕಂದ್ರೆ 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕ ಆಯ್ತು. ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ 15ರ ಈಚಿನದು. ಅಚ್ಚಾದ ಹಳೆ ಲೆಟರ್‌ಹೆಡ್ಡು ಖಾಲಿ ಆಗೋವರೆಗೂ ಬಳಸ್ತಿದ್ರು ಅನ್ನೋದು ನೆನಪಿಟ್ಕೊಂಡು, "ಸುಮಾರು" ಅಂತ ಸೇರಿಸಿ ಬರೀರಿ.

ಸೈನ್ಯದಿಂದ ಬಂದ ಲೆಟರ್‌ಗಳ ಬಗ್ಗೆ ಒಂದು ಮಾತು. ಕಾರ್ಯಪ್ಪ, ತಿಮ್ಮಯ್ಯ ಅವರದ್ದೆಲ್ಲ ಮ್ಯೂಸಿಯಮ್ಮಲ್ಲಿದೆ, ಮಡಿಕೇರಿಯಲ್ಲಿರೋ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಈಗ ಜನರಲ್ ತಿಮ್ಮಯ್ಯ ಮ್ಯೂಸಿಯಂ. ಆದ್ರೆ ಹವಾಲ್ದಾರ್, ಸುಬೇದಾರ್ ಬರೆದ ಕಾಗದಗಳು ಇರೋದು ಮನೆಗಳಲ್ಲೇ. ಅಂಥ ಲೆಟರಲ್ಲಿ ಊರಿನ ಹೆಸರು ಇರಲ್ಲ, 56 ಎಪಿಓ ಇಲ್ಲ 99 ಎಪಿಓ (ಸೈನ್ಯದ ಅಂಚೆ ಕಚೇರಿ) ಅಂತ ಇರತ್ತೆ, 99 ಅಂದ್ರೆ ಪೂರ್ವದ ಕಡೆ. ಒಳಗೆ "ನಾನು ಕ್ಷೇಮ, ಕಾಫಿ ಕೊಯ್ಲು ಮುಗೀತಾ" ಅಂತ ಬಿಟ್ರೆ ಎಲ್ಲಿದ್ದಾರೆ ಅಂತ ಏನೂ ಇರಲ್ಲ, ಆದ್ರೆ ಮೇಲಿರೋ ಸೀಲಿನ ತಾರೀಕು 1962ರ ನವೆಂಬರ್ ಆಗಿದ್ರೆ, ಚೀನಾ ಯುದ್ಧದ ಮಧ್ಯೆ ಕೂತು ಕೊಯ್ಲಿನ ವಿಷಯ ಕೇಳಿದ್ದಾರೆ ಅಂತ ಅರ್ಥ. ಅದಕ್ಕೇ ಲೆಟರ್ ಇಟ್ಕೊಂಡು ಕವರ್ ಬಿಸಾಡ್ಬೇಡಿ, ಸ್ಟ್ಯಾಂಪ್ ಕಲೆಕ್ಷನ್ ಮಾಡೋ ಮಕ್ಕಳಿಗೆ ಅಂತ ಸ್ಟ್ಯಾಂಪ್ ಕತ್ತರಿಸಿ ಕೊಡ್ಬೇಡಿ.

ಕಾಫಿ ಪೂಲಿನ ಚೀಟಿಗಳೂ ಹಂಗೇ. 1942ರ ಕಾಫಿ ಕಾಯ್ದೆ ಬಂದ ಮೇಲೆ ತೊಂಬತ್ತರ ದಶಕದವರೆಗೆ ಕಾಫಿನ ಬೋರ್ಡಿನ ಪೂಲಿಗೇ ಹಾಕ್ಬೇಕಿತ್ತು, ದುಡ್ಡು ಒಂದೇ ಸಲ ಬರ್ತಿರ್ಲಿಲ್ಲ, ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಬರ್ತಿತ್ತು. ಒಂದು ಚೀಟಿ ನೋಡಿದ್ರೆ ಏನೂ ಅನ್ಸಲ್ಲ, ಒಂದೇ ಮನೆಯ ಇಪ್ಪತ್ತು ವರ್ಷದ ಚೀಟಿ, ಪಕ್ಕದಲ್ಲಿ ಅಂಗಡಿ ಸಾಲದ ಪುಸ್ತಕ, ಮದುವೆ ಖರ್ಚಿನ ಪಟ್ಟಿ ಎಲ್ಲಾ ಒಟ್ಟಿಗೆ ಇದ್ರೆ ಕಂತು ಯಾವಾಗ ಬಂತು, ಯಾವ ಸಾಲ ತೀರ್ತು, ಯಾವ ವರ್ಷ ಮದುವೆ ಮಾಡಿದ್ರು ಅಂತ ಓದೋಕೆ ಆಗತ್ತೆ. ಹೊಸದು ಅಂತ ಬಿಡೋದೂ ಬೇಡ. 1997ರಲ್ಲಿ ಕರಡದಲ್ಲಿ ಪಾಂಡಂಡ ಕಪ್ಪಿಂದ ಶುರುವಾದ ಕೊಡವ ಹಾಕಿ ಹಬ್ಬದ ಆಮಂತ್ರಣ, ಡ್ರಾ ಪಟ್ಟಿ, ಸ್ಮರಣ ಸಂಚಿಕೆ ಇವೆಲ್ಲ ಈಗ್ಲೇ ಹುಡುಕಿದ್ರೆ ಕಷ್ಟ, ಯಾರ ಮನೇಲಾದ್ರೂ ಸಾಲಾಗಿ ಇದ್ರೆ ಅದೊಂದು ದೊಡ್ಡ ಆಸ್ತಿ.

ಸ್ಕ್ಯಾನಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಬರಹಕ್ಕೆ 300 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ), ಫೋಟೋಗೆ 600. ಮೊಬೈಲಲ್ಲಾದ್ರೆ ಕಿಟಕಿ ಬೆಳಕಲ್ಲಿ, ಫ್ಲಾಶ್ ಇಲ್ಲದೆ, ನೇರ ಮೇಲಿಂದ, ನಾಲ್ಕೂ ಅಂಚು ಕಾಣೋ ಹಂಗೆ, ಖಾಲಿ ಅನ್ಸಿದ್ರೂ ಹಿಂಭಾಗವೂ ಸೇರಿ. ವಾಟ್ಸಾಪಲ್ಲಿ ಕಳಿಸಿದ ಕಾಪಿನ ಅಸಲು ಅಂತ ಇಟ್ಕೋಬೇಡಿ, ಅದು ಕ್ವಾಲಿಟಿ ಇಳಿಸತ್ತೆ.

ಈಗ ಲೈಬ್ರರಿಗೆ ಹೋಗೋ ವಿಷಯ. ಟ್ರಂಕನ್ನ ಜೀಪಿಗೆ ಹಾಕ್ಕೊಂಡು ಸೀದಾ ಹೋಗಿ ಇಳಿಸಬೇಡಿ. ಮೊದಲು ಒಂದು ಪುಟದ ಪಟ್ಟಿ ಮಾಡಿ, ಯಾರ ಮನೇದು, ಯಾವ ಕಾಲದ್ದು, ಏನೇನಿದೆ, ಎಷ್ಟು ಪೆಟ್ಟಿಗೆ, ಯಾವ ಭಾಷೆ, ಹುಳ ಬೂಷ್ಟು ಇದೆಯಾ, ನಾಲ್ಕೈದು ಫೋಟೋ ಜೊತೆ ಲೈಬ್ರೇರಿಯನ್‌ಗೆ ಪತ್ರ ಇಲ್ಲ ಮೇಲ್ ಮಾಡಿ. ಹತ್ತಿರದಲ್ಲಿ ಚಿಕ್ಕ ಅಳುವಾರದ ಕೊಡಗು ಯೂನಿವರ್ಸಿಟಿ, ಆಮೇಲೆ ಮಂಗಳೂರು, ಮೈಸೂರು ಯೂನಿವರ್ಸಿಟಿಗಳು, ಹಸ್ತಪ್ರತಿ ಆದ್ರೆ ಹಂಪಿ ಕನ್ನಡ ಯೂನಿವರ್ಸಿಟಿಯನ್ನೂ ಕೇಳಬಹುದು. ಎಲ್ಲರೂ ಎಲ್ಲಾ ತಗೊಳ್ಳಲ್ಲ, ಒಬ್ಬರು ಬೇಡ ಅಂದ್ರೆ ಬೇಜಾರಾಗದೆ ಇನ್ನೊಬ್ಬರನ್ನ ಕೇಳಿ. ಕೇಳಬೇಕಾದ ಪ್ರಶ್ನೆಗಳು ನಿಮಗೂ ಇವೆ. ಇಡೋ ಜಾಗ ತೋರಿಸ್ತೀರಾ, ಸೋರತ್ತಾ, ಪಟ್ಟಿ ಮಾಡೋರು ಯಾರು, ಮನೆಯವರಿಗೆ ಸ್ಕ್ಯಾನ್ ಕಾಪಿ ಕೊಡ್ತೀರಾ, ಎಲ್ಲಾ ಒಂದೇ ಸಂಗ್ರಹವಾಗಿ ಇಡ್ತೀರಾ ಇಲ್ಲ ಚದುರಿಸ್ತೀರಾ, ನಿಮಗೆ ಬೇಡದ್ದನ್ನ ವಾಪಸ್ ಕೊಡ್ತೀರಾ. ಗೌರವವಾಗಿ ಕೇಳಿ, ಆದ್ರೆ ಕೇಳದೇ ಬಿಡ್ಬೇಡಿ. ಸರಿಯಾಗಿ ಉತ್ತರ ಕೊಡದ ಕಡೆ ಅಸಲು ಕೊಡೋದಕ್ಕಿಂತ ಸ್ಕ್ಯಾನ್ ಮಾತ್ರ ಕೊಡೋದು ವಾಸಿ.

ಕೊಡೋದು ಅಂತ ಆದ್ರೆ ದಾನಪತ್ರ ಬರವಣಿಗೆಯಲ್ಲೇ ಆಗ್ಬೇಕು. ಐನ್‌ಮನೆಯ ವಸ್ತು ಇಡೀ ಒಕ್ಕಕ್ಕೆ ಸೇರಿದ್ದು, ಪಟ್ಟೇದಾರರು (ಒಕ್ಕದ ಹಿರಿಯ ಯಜಮಾನರು) ಮತ್ತೆ ಮನೆಯವರೆಲ್ಲ ಒಟ್ಟು ಸೇರಿದಾಗ ಮಾತಾಡಿ ಒಪ್ಪಿಗೆ ಬರೆಸ್ಕೊಳ್ಳಿ, ಆಮೇಲೆ ಜಗಳ ಬೇಡ. ಕಾಪಿರೈಟ್ ವಿಷಯವೂ ಇದೆ, ಲೆಟರ್ ನಿಮ್ಮ ಕೈಲಿದ್ರೂ ಒಳಗಿನ ಬರಹದ ಹಕ್ಕು ಬರೆದವರದ್ದು, ಅವರು ತೀರಿಕೊಂಡ ಮೇಲೆ ವಾರಸುದಾರರದ್ದು. ತುಂಬಾ ಖಾಸಗಿ ಪತ್ರಗಳಿದ್ರೆ, ಇಲ್ಲ ಕೂಲಿಯವರ ಸಾಲದ ಲೆಕ್ಕದಂಥ, ಬೇರೆಯವರ ಮಾನದ ಪ್ರಶ್ನೆ ಇರೋ ಪುಸ್ತಕಗಳಿದ್ರೆ, ಇಷ್ಟು ವರ್ಷ ತೆಗೆದು ತೋರಿಸಬಾರದು ಅಂತ ಷರತ್ತು ಹಾಕಬಹುದು. ಅದು ನಿಮ್ಮ ಹಕ್ಕು.

ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಜಾಗದ ಅಸಲು ದಾಖಲೆ, ಪಾಲುಪಟ್ಟಿ, ಲೈಸೆನ್ಸ್ ಇಲ್ಲದೆ ಕೋವಿ ಇಟ್ಕೊಳ್ಳೋಕೆ ಇರೋ ವಿನಾಯಿತಿ ಪತ್ರ ಇವನ್ನ ಮಾತ್ರ ಯಾವ ಕಾರಣಕ್ಕೂ ಕೊಡ್ಬೇಡಿ, ತಾಲೂಕು ಕಚೇರೀಲಿ ನಾಳೆ ಬೇಕಾಗತ್ತೆ, ಸ್ಕ್ಯಾನ್ ಕೊಡಿ ಸಾಕು. ಇನ್ನೊಂದು ಕಡೆ, ಹಳೇದು ಅಂತ ವಾಸನೆ ಬಡಿದ್ರೆ ಕೊಂಡುಕೊಳ್ಳೋಕೆ ಬರೋರು ಇದ್ದಾರೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪುರಾತನ ವಸ್ತು ಅನ್ನಿಸ್ಕೊಳ್ಳತ್ತೆ, ಅದನ್ನ ಖಾಸಗಿಯವರು ದೇಶದಿಂದ ಆಚೆ ಸಾಗಿಸೋ ಹಾಗಿಲ್ಲ, ವ್ಯಾಪಾರ ಮಾಡೋರಿಗೆ ಲೈಸೆನ್ಸ್ ಬೇಕು. ಚಿತ್ರ ಇರೋ ಹಸ್ತಪ್ರತಿ, ಹಳೆ ವಿಗ್ರಹ ಇದ್ರೆ ರಿಜಿಸ್ಟ್ರೇಷನ್ ಆಗಿದೆಯಾ ಅಂತ ಪುರಾತತ್ವ ಇಲಾಖೆಯವರನ್ನ ಕೇಳಿ.

ಕೊಟ್ಟ ಮೇಲೆ ಅಕ್ಸೆಷನ್ ನಂಬರ್ (ಲೈಬ್ರರಿ ತನ್ನ ದಾಖಲೆಯಲ್ಲಿ ಕೊಡೋ ಸಂಖ್ಯೆ) ಇರೋ ರಸೀದಿ ತಗೊಳ್ಳಿ, ಒಕ್ಕದ ಮಿನಿಟ್ಸ್ ಪುಸ್ತಕದಲ್ಲಿ ಆ ನಂಬರ್ ಬರೆಸಿ, ಮುಂದೆ ಮೊಮ್ಮಕ್ಕಳು ಹೋಗಿ ಕೇಳೋಕೆ ಅದೇ ಬೇಕು.

ನೀವೇ ನೋಡೋಕೆ ಹೋಗೋದಾದ್ರೆ ಮುಂಚೆನೇ ತಿಳಿಸಿ ಹೋಗಿ, ಪೆಟ್ಟಿಗೆ ತೆಗೆದಿಡೋಕೆ ಅವರಿಗೆ ಟೈಮ್ ಬೇಕು, ಐಡಿ ಕಾರ್ಡ್ ಇರ್ಲಿ, ವಿದ್ಯಾರ್ಥಿಗಳಾದ್ರೆ ಗೈಡ್ ಕೊಟ್ಟ ಪತ್ರ. ಬ್ಯಾಗ್, ಪೆನ್, ನೀರಿನ ಬಾಟಲ್ ಹೊರಗೆ, ಪೆನ್ಸಿಲ್ ಮಾತ್ರ ಒಳಗೆ. ಕಾಗದಕ್ಕೆ ಗ್ಲೌಸ್ ಬೇಡ, ಗ್ಲೌಸಲ್ಲಿ ಹಾಳೆ ಅಂಚು ಗೊತ್ತಾಗದೆ ಹರಿಯತ್ತೆ, ಕೈ ತೊಳೆದು ಚೆನ್ನಾಗಿ ಒರೆಸ್ಕೊಂಡ್ರೆ ಸಾಕು. ಫೋಟೋ, ನೆಗೆಟಿವ್, ಲೋಹದ ವಸ್ತುಗಳಿಗೆ ಗ್ಲೌಸ್ ಹಾಕಿ. ಒಂದು ಸಲಕ್ಕೆ ಒಂದೇ ಫೋಲ್ಡರ್, ಒಳಗಿನ ಸಾಲು ಹಂಗೇ ಇರ್ಲಿ. ನೋಟ್ಸ್ ಮಾಡುವಾಗ ಪೆಟ್ಟಿಗೆ ನಂಬರ್, ಫೋಲ್ಡರ್ ನಂಬರ್ ಮೊದಲು ಬರ್ಕೊಳ್ಳಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಆರ್ಕೈವಲ್ಲಿ ಕೊಡಗಿನ ಕಾಗದ, ಫೋಟೋ ಇವೆ, ಕ್ಯಾಟಲಾಗನ್ನ ಮನೇಲಿ ಕೂತೇ ಹುಡುಕಬಹುದು. ಹುಡುಕುವಾಗ ಕೂರ್ಗ್, ಮರ್ಕೇರಾ, ಫ್ರೇಜರ್‌ಪೇಟ್ ಅಂತ ಹಳೆ ಹೆಸರಲ್ಲೂ ಹಾಕಿ, ಕೊಡಗು, ಮಡಿಕೇರಿ, ಕುಶಾಲನಗರ ಅಂತ ಮಾತ್ರ ಹಾಕಿದ್ರೆ ಅರ್ಧ ಸಿಗಲ್ಲ. ಗುರುತಿಲ್ಲ ಅಂತ ಬರೆದಿರೋ ಫೋಟೋದಲ್ಲಿ ನಿಮಗೆ ಗೊತ್ತಿರೋ ಮನೆನೋ ಮುಖನೋ ಕಂಡ್ರೆ ಆ ನಂಬರ್ ಹಾಕಿ ಅವರಿಗೆ ಬರೀರಿ, ಹೇಗೆ ಗೊತ್ತು ಅಂತಾನೂ ಹೇಳಿ, ಆಗ ಅವರು ಕ್ಯಾಟಲಾಗಲ್ಲಿ ಸೇರಿಸೋಕೆ ಆಗತ್ತೆ.